ಮುಟ್ಟಿ ನೋಡಿದ ನಾಯಿ

ಇಂಥ ಮಾತುಗಳನ್ನು ನಾನು ನಂಬುವವಳಲ್ಲ. ಸಕಲೇಶಪುರದಲ್ಲಿ ಬಹಳ ವರ್ಷಗಳಿಂದ ಪಶುವೈದ್ಯೆಯಾಗಿದ್ದೇನೆ. ನಮ್ಮ ನಾಯಿಗೆ ಏನೋ ಕಾಣಿಸುತ್ತದೆ, ಬರೀ ಗೋಡೆ ನೋಡಿ ಬೊಗಳುತ್ತದೆ ಎಂದು ಯಾರಾದರೂ ಬಂದರೆ ಜಂತುಹುಳದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ಈಗಲೂ ಅದನ್ನೇ ಕೊಡುತ್ತೇನೆ. ಆದರೂ ಇದೊಂದು ಸಂಗತಿಯನ್ನು ನಡೆದಂತೆಯೇ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ, ಕೈದಿಗಳ ಮನಸ್ಸು ಹಗುರಾಗಲೆಂದು ಸಾಕುನಾಯಿಗಳನ್ನು ಜೈಲಿಗೆ ಕರೆದೊಯ್ಯುವ ಕೆಲಸಕ್ಕೆ ನಾನೂ ಸೇರಿಕೊಂಡೆ. ನನ್ನ ನಾಯಿ ಸ್ಟೆಲ್ಲಾ ಅದಕ್ಕೆ ಹೇಳಿ ಮಾಡಿಸಿದಂತಿದ್ದಳು. ವಾರಕ್ಕೊಮ್ಮೆ ಹೋಗುತ್ತಿದ್ದೆವು. ಅಂಗಳದಲ್ಲಿ ಗಂಡಸರು ಸುತ್ತ ಕೂತು ಅವಳ ಬೆನ್ನು ಸವರುತ್ತಿದ್ದರು. ಯಾರೊಂದಿಗೂ ಮಾತಾಡದ ಒಬ್ಬ ಅವಳ ಕಿವಿಯಲ್ಲಿ ಏನೇನೋ ಪಿಸುಗುಡುತ್ತಿದ್ದ. ಯಾರ ಮೇಲೆ ಯಾವ ಕೇಸು ಎಂದು ನಾವು ಕೇಳುತ್ತಿರಲಿಲ್ಲ.

ಮಗ್ಗೆಯ ಧರ್ಮಪ್ಪ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಊಟ ಬಿಟ್ಟಿದ್ದಾನೆ, ಹೀಗೇ ಆದರೆ ಉಳಿಯುವುದಿಲ್ಲ ಎಂದು ವಾರ್ಡರ್ ಚಿಂತೆಯಿಂದ ಹೇಳಿದ್ದರು.

ಒಂದು ಬೆಳಿಗ್ಗೆ ಸ್ಟೆಲ್ಲಾ ಎಲ್ಲರನ್ನೂ ದಾಟಿ ನೇರ ಅವನ ಬಳಿ ಹೋದಳು. ಗೋಡೆಗೂ ಅವನಿಗೂ ನಡುವೆ ತೂರಿ, ಎದುರಿಗೆ ಕೂತು ಎರಡೂ ಕಣ್ಣು ಮುಚ್ಚಿದಳು. ಆಮೇಲೆ ಅವಳ ಮೂಗು ಮೆಲ್ಲಗೆ ಅವನ ಹಣೆಯ ಮೇಲೆ ಆಡಿತು, ಕೆನ್ನೆಗೆ ಇಳಿಯಿತು, ಗಡ್ಡದಲ್ಲಿ ಸ್ವಲ್ಪ ತಡೆಯಿತು, ಎಡಗಿವಿಯ ಹಿಂದೆ ಹೋಗಿ ನಿಂತಿತು. ಬಗ್ಗಿ ನೋಡಿದರೆ ಅಲ್ಲೊಂದು ಹಸಿ ಹುಣ್ಣು. ಅವಳು ಅಷ್ಟು ಹೊತ್ತು ಕಣ್ಣು ಮುಚ್ಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಧರ್ಮಪ್ಪ ನನ್ನ ಕಡೆ ತಿರುಗಿದ. “ನಮ್ಮವ್ವ ಹಿಂಗೇ ನೋಡೋದು ಡಾಕ್ಟ್ರಮ್ಮ. ಅವ್ಳಿಗೆ ಕಣ್ಣು ಕಾಣಾಕಿಲ್ಲ,” ಎಂದ. ನಾಯಿಯ ಕುತ್ತಿಗೆ ತಬ್ಬಿಕೊಂಡು ಬಹಳ ಹೊತ್ತು ಅತ್ತ. ಮಧ್ಯಾಹ್ನ ತಟ್ಟೆ ಮುಂದೆ ಕೂತು ಉಂಡ. ನಾನು ಹೊರಡುವಾಗ, “ಮಗ್ಗೆ ಕಡೀಕೆ ಹೋದ್ರೆ, ಮಗ ಉಣ್ತಾವ್ನೆ ಅಂತ ಅವ್ವಂಗೊಂದ್ ಮಾತು ಹೇಳಿ,” ಎಂದ. ಅಧಿಕಾರಿಗಳೂ ಹೇಳಿ ಎಂದರು.

ಮರುದಿನವೇ ಮಗ್ಗೆಯಲ್ಲಿ ಹಸುವೊಂದನ್ನು ನೋಡಲು ಹೋಗಬೇಕಾಯಿತು. ಕೆಲಸ ಮುಗಿಸಿ ಅವನ ಮನೆ ಹುಡುಕಿದೆ. ಮುದುಕಿ ಜಗಲಿಯಲ್ಲಿ ಮಗಳ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಿಮ್ಮ ಮಗ ಊಟ ಮಾಡುತ್ತಿದ್ದಾನೆ ಎಂದಷ್ಟೇ ಹೇಳಿದೆ. ನಾಯಿಯ ಮಾತೆತ್ತಲಿಲ್ಲ.

“ಉಣ್ಲಿ ತಾಯಿ. ನಿನ್ನೆ ಮುಟ್ಟಿ ನೋಡ್ದೆ, ಸೊರಗೋಗವ್ನೆ. ಗಡ್ಡ ಬುಟ್ಟವ್ನೆ. ಎಡಗಿವಿ ಹಿಂದ್ಗಡೆ ಹುಣ್ಣಾಗೈತೆ, ಏನಾರ ಮದ್ದು ಹಚ್ಚಿ,” ಎಂದರು.

ನಾನು ಮಗಳ ಮುಖ ನೋಡಿದೆ. “ನಾವ್ಯಾರೂ ಹೋಗಿ ತಿಂಗ್ಳುಗಟ್ಲೆ ಆಯ್ತು ಕಣ್ರೀ. ಅವ್ವ ನಿನ್ನೆ ಬೆಳಿಗ್ಗೆ ಇಲ್ಲೇ ಕೂತಂಗೆ ತೂಕಡಿಸ್ತಿದ್ಳು. ಎದ್ದಾಗಿಂದ ಇದೇ ಮಾತು,” ಎಂದಳು.

ಮುಂದಿನ ವಾರ ಜೈಲಿಗೆ ಹೋದಾಗ ಇದನ್ನು ಧರ್ಮಪ್ಪನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ಅವ್ವಂಗೆ ಗೊತ್ತಾಗ್ದೆ ಇರ್ತದಾ,” ಎಂದು ನಕ್ಕು, ಸ್ಟೆಲ್ಲಾಳ ಕಡೆ ಚೆಂಡು ಎಸೆದ. ಅವಳು ಕಣ್ಣರಳಿಸಿಕೊಂಡು ಓಡಿದಳು.

ಕನಸು ಎನ್ನಬಹುದು. ಜೈಲಿಗೆ ಹೋದವನು ಗಡ್ಡ ಬಿಟ್ಟಾನು ಎಂದು ಯಾರಾದರೂ ಊಹಿಸಬಹುದು. ಹುಣ್ಣಿನ ವಾಸನೆ ನಾಯಿಯ ಮೂಗಿಗೆ ಬಡಿದಿತ್ತು, ಅದನ್ನೂ ನಾನು ಒಪ್ಪುತ್ತೇನೆ. ಮಗ್ಗೆಯ ಜಗಲಿಯಲ್ಲಿದ್ದ ಆ ತಾಯಿಯ ಬೆರಳಿಗೆ ಆ ಹುಣ್ಣು ಹೇಗೆ ಸಿಕ್ಕಿತು ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.