ನಟ್ಟಿನ ಮೇಲಿನ ಕುಂಕುಮ

ಮೊಮ್ಮಗ ಕಾರು ಕೊಂಡ ಖುಷಿಯಲ್ಲಿ ನನಗೆ ಚಾಮರಾಜಪೇಟೆಯ ಆ ಮೆಕ್ಯಾನಿಕ್ ನೆನಪಾದರು. ಯಾರೇ ಬಂದರೂ ಕೈ ಒರೆಸಿಕೊಳ್ಳುತ್ತಾ, "ಬಗ್ಗಿ ನೋಡ್ರೀ, ಆಮೇಲೆ ಮಾತಾಡಿ" ಎನ್ನುತ್ತಿದ್ದರು.

ಆಗ ನಾನು ತರಗುಪೇಟೆಯ ಸಾಹುಕಾರರೊಬ್ಬರ ಡ್ರೈವರ್. ಒಂದು ದಿನ ಎಂಜಿನ್ ಕಾದು, ಕಾರು ಆ ಮೆಕ್ಯಾನಿಕ್ಕರ ಶೆಡ್ಡಿನ ಮುಂದೆಯೇ ನಿಂತಿತು.

"ಕಾರು ಮಾರಿದ ಕಂಪ್ನಿಯೋರು ಮೊನ್ನೆ ತಾನೇ ಆಯಿಲ್ ಬದಲಾಯ್ಸಿದಾರೆ. ಕೆಡಿಸಿರೋನು ನೀನೇ. ನಾಳೆಯಿಂದ ಬರಬೇಡ!" ಎಂದು ಸಾಹುಕಾರರು ನನ್ನ ಮೇಲೆ ಎಗರಿದರು.

ಮೆಕ್ಯಾನಿಕ್ ಕಾರಿನಡಿ ನುಸುಳಿ ನಕ್ಕರು. "ಸಾಹುಕಾರ್ರೇ, ಹೋದ ವಾರ ಆಯುಧಪೂಜೇಲಿ ಇವನು ಆಯಿಲ್ ಇಳಿಸೋ ನಟ್ಟಿಗೂ ಕುಂಕುಮ ಇಟ್ಟಿದಾನೆ. ಅದು ಹಂಗೇ ಇದೆ. ನಟ್ಟು ಬಿಚ್ಚದೆ ಆಯಿಲ್ ಹೆಂಗ್ರೀ ಬದಲಾಯ್ಸಿದ್ರು? ಬಗ್ಗಿ ನೋಡ್ರೀ!"

ಸಾಹುಕಾರರು ಬಿಳಿ ಪಂಚೆಯಲ್ಲೇ ನೆಲದ ಮೇಲೆ ಮಲಗಿ ನೋಡಿದರು. ಎದ್ದವರೇ ನನ್ನ ಬೆನ್ನು ತಟ್ಟಿ, "ಹತ್ತೋ, ಕಂಪ್ನಿಗೇ ಹೋಗಿ ಕೇಳೇಬಿಡೋಣ!" ಎಂದರು.

"ತಾಳಿ, ಮೊದ್ಲು ಆಯಿಲ್ ಹಾಕ್ತೀನಿ," ಎಂದರು ಮೆಕ್ಯಾನಿಕ್. "ಜಗಳಕ್ಕೆ ನಾನೂ ಬರ್ತೀನಿ."