ಲಾಗ್ ಬುಕ್ಕಿನಲ್ಲಿ ನಾನು ಬರೆಯದ ಸಾಲು

ಸುಳ್ಳು ಹೇಳಿದವಳು ನಾನು. ಮೌಲಾಸಾಬರೇ, ಹನ್ನೊಂದು ವರ್ಷಗಳ ಹಿಂದೆ ವಿಚಾರಣೆಯ ಕೋಣೆಯಲ್ಲಿ, ನಿಮ್ಮಿಂದ ಎರಡೇ ಕುರ್ಚಿ ಆಚೆ ಕೂತು, ಒಂದು ವಾಕ್ಯದಲ್ಲಿ — ಅದೂ ಇಂಗ್ಲಿಷಿನಲ್ಲಿ — ನಿಮ್ಮ ಹೆಸರು ಕೆಡಿಸಿದವಳು ನಾನು.

ಇದನ್ನು ಓದುವ ಬೇರೆಯವರಿಗೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ನಾನು ರಿಲೇ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದೆ. ನೀವು ಸಿಂದಗಿಯ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ಇಂಡಿ ಕಡೆಯಿಂದ ಸಿಂದಗಿ ಕಡೆಗೆ ಹೋಗುವ ಒಂದು ಹೈಟೆನ್ಷನ್ ಲೈನಿನ ಎರಡೂ ತುದಿಗೆ ಒಂದೊಂದು ರಿಲೇ — ಕಾವಲಿನ ಪೆಟ್ಟಿಗೆ ಅನ್ನಿ. ಲೈನಿಗೆ ಏನಾದರೂ ತಗುಲಿದರೆ ಹತ್ತಿರದ ರಿಲೇ ತನ್ನ ಕಡೆಯ ಕರೆಂಟ್ ಕಡಿದು, ಫೈಬರ್ ಕೇಬಲ್ಲಿನ ಮೂಲಕ ದೂರದ ರಿಲೇಗೆ ಹೇಳುತ್ತದೆ: ನೀನೂ ಕಡಿ. ಆ ಮಾತು ಮುಟ್ಟದಿದ್ದರೆ ದೂರದ್ದು ತುಸು ಕಾದು ಆಮೇಲೆ ಕಡಿಯುತ್ತದೆ. ತುಸು ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಹೊತ್ತಿನ ವಿಷಯವೇ ಇದು.

ಹೊಸ ರಿಲೇ ಕೂಡಿಸಿದರೆ ಎರಡೂ ತುದಿಗೆ ಒಬ್ಬೊಬ್ಬರು ನಿಂತು, ಫೋನ್ ಕಿವಿಗೆ ಹಿಡಿದು ಪರೀಕ್ಷೆ ಮಾಡಬೇಕು. ಇಲ್ಲಿಂದ "ಕಳಿಸೇನಿ", ಅಲ್ಲಿಂದ "ಬಂತ್ರಿ". ಆ ದಿನ ಇಂಡಿ ತುದಿಯಲ್ಲಿ ನಿಂತು ನಾನು ಎಷ್ಟು ಸಲ ಕಳಿಸಿದರೂ ನಿಮ್ಮಿಂದ "ಬಂತ್ರಿ" ಬರಲಿಲ್ಲ. ನಡುವೆ ಎಲ್ಲೋ ಫೈಬರ್ ಕೆಟ್ಟಿತ್ತು. ಸಂಜೆಯೊಳಗೆ ಲೈನ್ ಚಾರ್ಜ್ ಆಗಿ ಕರೆಂಟ್ ಹರಿಯಲೇಬೇಕೆಂದು ಮೇಲಿನವರ ಫೋನ್ ಮೇಲೆ ಫೋನ್. ನಾನು — ಒಂದು ಗೇಣುದ್ದದ ತಂತಿ ತೆಗೆದುಕೊಂಡು ರಿಲೇಯ ಬಾಯಿಯನ್ನು ಅದರ ಕಿವಿಗೇ ಜೋಡಿಸಿಬಿಟ್ಟೆ. ದೂರದ ರಿಲೇಯ ಗುರುತಿನ ನಂಬರ್ ಇರಬೇಕಾದಲ್ಲಿ ಅದರ ನಂಬರನ್ನೇ ಹಾಕಿದೆ. ಅದು ತನ್ನ ದನಿಯನ್ನೇ ಕೇಳಿಸಿಕೊಂಡು ಸಿಂದಗಿಯೇ ಉತ್ತರ ಕೊಟ್ಟಿತೆಂದು ನಂಬಿತು. ಹಸಿರು ದೀಪ. ಟೆಸ್ಟ್ ರಿಪೋರ್ಟಿನಲ್ಲಿ 'ಚಾನೆಲ್ ಹೆಲ್ದಿ', ಎರಡರ ನಡುವಿನ ಮಾತು ಸರಿ ಇದೆ, ಎಂದು ಬರೆದು ಸಹಿ ಮಾಡಿದೆ.

ಆಗ ನಿಮ್ಮ ಫೋನ್ ಬಂತು.

"ಮೇಡಮ್ಮಾರ, ಇಲ್ಲಿ ದೀಪ ಇನ್ನಾ ಕೆಂಪs ಐತ್ರಿ. ಅಲಾರಂ ಅಂತೂ ಹಸಗೂಸು ಒದರಿದಂಗ ಒದರಾಕತ್ತೈತಿ."

"ಬಂದ್ ಮಾಡ್ರಿ ಅದನ್ನ. ನಾಳೆ ಬಂದು ನೋಡ್ತೇನಿ."

"ಲಾಗ್ ಬುಕ್ಕಿನ್ಯಾಗ ಬರೀಲೇನ್ರಿ?"

"ಬ್ಯಾಡ. ನಾಳೆ ನಾನೇ ಬಂದು ಬರೀತೇನಿ."

ಮರುದಿನ ಮುದ್ದೇಬಿಹಾಳದಲ್ಲಿ ಕೆಲಸ ಬಂತು, ಆಮೇಲೆ ಬಸವನ ಬಾಗೇವಾಡಿಯಲ್ಲಿ. ಮರೆತೆ ಅಂದರೆ ಅದೂ ಸುಳ್ಳಾದೀತು. ದಿನಾ ಸಂಜೆ ನೆನಪಾಗುತ್ತಿತ್ತು. ನಾಳೆ, ನಾಳೆ... ಎಂಟು ದಿನ ಹೋದವು.

ಒಂಬತ್ತನೆಯ ದಿನ ಮಧ್ಯಾಹ್ನ, ಸಿಂದಗಿಯ ಹೊರಗೆ ಒಂದು ಹೊಲದಲ್ಲಿ ಬೋರ್‌ವೆಲ್ ಲಾರಿಯವರು ನಮ್ಮ ಲೈನಿನ ಕೆಳಗೇ ಗಾಡಿ ನಿಲ್ಲಿಸಿ ಕೊರೆಯುವ ಕಂಬ ಎತ್ತಿದರು, ಅದು ತಂತಿಗೆ ತಗುಲಿತು. ಮೋರಟಗಿಯ ಶರಣಪ್ಪ ಎಂಬ ಕೆಲಸಗಾರ ಲಾರಿಯ ಕಬ್ಬಿಣ ಹಿಡಿದು ನಿಂತಿದ್ದ. ಸಿಂದಗಿಯ ರಿಲೇ ತಕ್ಷಣ ಕಡಿಯಿತು, ಹೇಳಿಯೂ ಹೇಳಿತು. ಇಂಡಿ ತುದಿಯ ರಿಲೇಗೆ ಕೇಳಿಸಲಿಲ್ಲ — ಅದರ ಕಿವಿ ನಾನು ಮುಚ್ಚಿದ್ದೆನಲ್ಲ. ಅದು ಕಾಯಿತು. ಶರಣಪ್ಪ ಬದುಕಿದ. ಎರಡೂ ಕೈ ಮೊಣಕೈತನಕ ಹೋದವು.

ಬೇಗ ಕಡಿದಿದ್ದರೆ ಕೈ ಉಳಿಯುತ್ತಿದ್ದವೇ? ಯಾರೂ ಹೇಳಲಾರರು. ಈ 'ಯಾರೂ ಹೇಳಲಾರರು' ಎಂಬುದರ ಹಿಂದೆಯೇ ನಾನು ಇಷ್ಟು ವರ್ಷ ಅಡಗಿ ಕೂತಿದ್ದೆ.

ಅದೇ ಸಂಜೆ ತನಿಖೆಯವರು ಬರುವ ಮೊದಲು ಇಂಡಿಗೆ ಓಡಿದೆ. ತಂತಿ ಕಿತ್ತು ಪರ್ಸಿಗೆ ಹಾಕಿಕೊಂಡೆ, ನಂಬರ್ ಸರಿಮಾಡಿದೆ. ಫೈಬರ್ ಅಪಘಾತಕ್ಕೂ ಮೊದಲೇ ರಿಪೇರಿಯಾಗಿತ್ತು. ಉಳಿದದ್ದು ಒಂದೇ — ಸಿಂದಗಿಯಲ್ಲಿ ಬಂದ್ ಮಾಡಿದ ಅಲಾರಂ, ಲಾಗ್ ಬುಕ್ಕಿನಲ್ಲಿ ಅದರ ಬಗ್ಗೆ ಇರಬೇಕಾಗಿದ್ದು ಇಲ್ಲದ ಒಂದು ಸಾಲು. ಡ್ಯೂಟಿಯಲ್ಲಿದ್ದವರು ನೀವು.

ವಿಚಾರಣೆಯಲ್ಲಿ, ಅಲಾರಂ ಬಂದ್ ಮಾಡಲು ಯಾರು ಹೇಳಿದರೆಂದು ಸಾಹೇಬರು ಕೇಳಿದಾಗ ನೀವು ನನ್ನ ಕಡೆ ತಿರುಗಿ ನಕ್ಕಿರಿ. ಒಂದಿಷ್ಟೂ ಅಂಜಿಕೆ ಇರಲಿಲ್ಲ ಆ ನಗೆಯಲ್ಲಿ. "ಮೇಡಮ್ಮಾರ ಇಲ್ಲೇ ಅದಾರಲ್ರಿ, ಅವರನ್ನs ಕೇಳ್ರಿ."

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು: ಬರೀ ಎಸ್, ನೋ ಅನ್ನಬಾರದು, ಫುಲ್ ಸೆಂಟೆನ್ಸಿನಲ್ಲಿ ಉತ್ತರ ಕೊಡಬೇಕು. ಕೊಟ್ಟೆ. "ಐ ಗೇವ್ ನೋ ಸಚ್ ಇನ್‌ಸ್ಟ್ರಕ್ಷನ್, ಸರ್." ಅಂಥ ಮಾತು ನಾನು ಹೇಳೇ ಇಲ್ಲ ಎಂದು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ.

ಹೊರಗೆ ಬಂದ ಮೇಲೆ ನೀವು ಕೇಳಿದಿರಿ, "ಇಂಗ್ಲಿಷ್ನ್ಯಾಗ ಏನ್ ಹೇಳಿದ್ರಿ, ಮೇಡಮ್ಮಾರ?"

"ಎಲ್ಲಾ ಸರಿ ಆಗ್ತೈತಿ."

"ಆತ್ರಿ. ನೀವ್ ಅದೀರಿ ಅಂದ್ಮ್ಯಾಲ ನನಗೇನ್ ಚಿಂತಿ."

ಸಸ್ಪೆಂಡ್ ಆದಿರಿ. ಆಮೇಲೆ ಪ್ರಮೋಷನ್ ನಿಲ್ಲಿಸಿ ಮುದ್ದೇಬಿಹಾಳದ ಕಡೆ ಹಾಕಿದರು. ಅಲ್ಲೇ ರಿಟೈರ್ ಆದಿರಿ. ಅದಕ್ಕಿಂತ ದೊಡ್ಡದು ನನಗೆ ತಡವಾಗಿ ತಿಳಿಯಿತು. ಮೋರಟಗಿ ನಿಮ್ಮ ತಂಗಿಯನ್ನು ಕೊಟ್ಟ ಊರು. ಮನುಷ್ಯನ ಕೈ ಸುಟ್ಟವ ಎಂದು ಅಲ್ಲಿ ಮುಖದ ಮೇಲೆ ಅಂದರಂತೆ. ನೀವು ಹೋಗುವುದನ್ನೇ ಬಿಟ್ಟಿರಂತೆ. ತಂಗಿ ತೀರಿಕೊಂಡಾಗ ಮಣ್ಣು ಕೊಡಲೂ ಹೋಗಲಿಲ್ಲವಂತೆ. ಆ ಮಣ್ಣು —

ಹೋದ ತಿಂಗಳು ತಾಳಿಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದಿರಿ. ನಾನು ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ, ಬಿಸಿಲಿಗಲ್ಲ.

"ಆರಾಮ ಅದೀರಿಲ್ರಿ? ನಮ್ಮ ಮನ್ಯಾಗ ಈಗ ಒಂದs ಅಲಾರಂ ಐತ್ರಿ, ನಮ್ಮಾಕಿ. ಅದನ್ನ ಬಂದ್ ಮಾಡಾಕ ಯಾರ ಫೋನ್ ಬಂದ್ರೂ ಆಗೂದಿಲ್ಲ." ಇಬ್ಬರೂ ನಕ್ಕೆವು. ಬಸ್ಸು ಬಂತು. ನೀವು ಮೆಟ್ಟಿಲ ಮೇಲೆ ಕಾಲಿಟ್ಟು, ಹಿಂದೆ ತಿರುಗಿ, ಅದೇ ನಗುಮುಖದಲ್ಲಿ ಕೇಳಿದಿರಿ:

"ನಾಳೆ ಬಂದು ಬರೀತೇನಿ ಅಂದಿದ್ರಿ. ಬರದ್ರೇನ್ರಿ ಮತ್ತ?"

ಬಸ್ಸು ಹೋದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಈ ಬರಹದ ಮೊದಲ ಸಾಲು ಬರೆದೆ.

ಮೌಲಾಸಾಬರೇ, ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಈ ಬರಹದ ಒಂದು ಪ್ರತಿಯನ್ನು ಸಹಿ ಮಾಡಿ ಆಫೀಸಿಗೆ ಕಳಿಸಿದ್ದೇನೆ, ಪರ್ಸಿನಲ್ಲಿಟ್ಟಿದ್ದ ಆ ಗೇಣುದ್ದ ತಂತಿಯ ಜೊತೆಗೆ. ನಾಡಿದ್ದು ಮೋರಟಗಿಗೆ ಹೋಗುತ್ತೇನೆ. ಶರಣಪ್ಪನ ಮುಂದೆ, ನಿಮ್ಮ ತಂಗಿಯ ಮನೆಯವರ ಮುಂದೆ ಇದನ್ನು ಓದುತ್ತೇನೆ. ಓದಿ ಮುಗಿಸಿದ ಮೇಲೆ ಅವನಿಗೆ ಕೈ ಮುಗಿಯುವುದು ಹೇಗೆ, ಗೊತ್ತಿಲ್ಲ.

ಅಂದು ಬರೆಯಬೇಕಾಗಿದ್ದ ಸಾಲು ಇದು, ಕನ್ನಡದಲ್ಲೇ ಬರೆಯುತ್ತಿದ್ದೇನೆ: ಇಂಡಿ ತುದಿಯಲ್ಲಿ ಸುಳ್ಳು ಜೋಡಣೆ ಮಾಡಿದವಳು ನಾನು, ಸಿಂದಗಿಯ ಅಲಾರಂ ನನ್ನ ಮಾತಿನ ಮೇಲೆ ಬಂದ್ ಆಯಿತು, ಆಪರೇಟರ್ ಮೌಲಾಸಾಬರು ಬರೆಯಲೇ ಎಂದು ಕೇಳಿದ್ದರು.