ಮೇಲಿನ ಮನೆಯವರು ಆರಿಸಿದ ಡಬ್ಬಿ

ಮೇಲಿನ ಮನೆಯವರ ಬಲಗಿವಿ ಎಡಗಿವಿಗಿಂತ ಕೆಂಪಗಿತ್ತು. ಫ್ರಿಜ್ಜಾಗಲಿ, ನೀರಿನ ಪಂಪಾಗಲಿ, ಸದ್ದು ಮಾಡುವ ಯಾವುದಕ್ಕೇ ಆಗಲಿ, ಆ ಕಿವಿಯನ್ನು ಒತ್ತಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಬೀದರಿನ ಕಡೆಯವರು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಸದ್ದು ಪರೀಕ್ಷಿಸುತ್ತಿದ್ದು, ನಿವೃತ್ತರಾದ ಮೇಲೆ ತಾರ್ನಾಕದ ನಮ್ಮ ಮನೆಯ ಮೇಲಂತಸ್ತಿಗೆ ಅಕ್ಕನ ಜೊತೆ ಬಾಡಿಗೆಗೆ ಬಂದಿದ್ದರು. ಉಬ್ಬಸದ ಮನುಷ್ಯ. ಮೆಟ್ಟಿಲು ಹತ್ತುವಾಗ ಅವರ ಎದೆಯ ಸುಯ್‌ಸುಯ್ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ನನ್ನಪ್ಪನ ಇನ್ನೂರು ಕ್ಯಾಸೆಟ್ಟುಗಳು. ಅಪ್ಪ ಕಲಬುರಗಿಯ ಮನೆಯಲ್ಲಿ ರೇಡಿಯೊ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದ. ತಂತಿ ಜೋಡಿಸಿ ಹಿಡಿಯಬಹುದೆಂಬುದು ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ. ಕೆಂಪು ಗುಂಡಿ ಒತ್ತಿದನೆಂದರೆ ಅವ್ವ, ತಂಗಿ, ನಾನು ಉಸಿರು ಬಿಗಿಹಿಡಿದು ಕೂರಬೇಕು. ಯಾರಾದರೂ ಸೀನಿದರೆ ಮುಗಿಯಿತು ಕಥೆ! ಗುಂಡಿ ಮೇಲೇಳುವವರೆಗೆ ಅವನೂ ತುಟಿ ಬಿಚ್ಚುತ್ತಿರಲಿಲ್ಲ. ಹಾಗಾಗಿ ಅಷ್ಟೊಂದು ಕ್ಯಾಸೆಟ್ಟಿನಲ್ಲಿ ಅಪ್ಪನ ದನಿ ಎಲ್ಲೂ ಇಲ್ಲ. ಅವನು ತೀರಿಕೊಂಡು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನನಗೆ ಆ ದನಿ ಮರೆತೇಹೋಗಿತ್ತು. ಮುಖ ನೆನಪಾಗುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೆತ್ತ ಅಪ್ಪನ ದನಿ ಮರೆತ ಮಗಳು ನಾನು ಎಂಬ ನಾಚಿಕೆಯನ್ನು ಹೇಳಿಕೊಂಡದ್ದು ಅವರೊಬ್ಬರ ಹತ್ತಿರ.

"ಹುಡುಕೂಣು ತಂಗಿ," ಎಂದರು. "ಎಲ್ಲೆರ ಒಂದು ಕಡಿ ಬಾಯಿ ತಪ್ಪಿ ಮಾತಾಡಿರ್ತಾರ. ಆದರ ಟೇಪು ಭಾಳ ದಿನ ಬಾಳಂಗಿಲ್ಲ. ಮೊದಲ ಎಲ್ಲಾ ಒಂದು ಡಬ್ಬಿಗೆ ಇಳಸೂಣು."

ಡಬ್ಬಿ ಎಂದರೆ, ಹಾಡನ್ನೆಲ್ಲ ಕೂಡಿಟ್ಟುಕೊಂಡು ವೈಫೈ ಮೂಲಕ ಮನೆಯ ಯಾವ ಕೋಣೆಗೆ ಬೇಕಾದರೂ ಕೊಡುವಂಥದ್ದು. ಸಿಕಂದರಾಬಾದಿನ ಅಂಗಡಿಯಲ್ಲಿ ಮಾಲೀಕ, "ಸ್ಪೀಡ್ ಚೂಡಂಡಿ ಸಾರ್, ಏಕ್‌ದಂ ಫಾಸ್ಟ್," ಎಂದು ವೇಗ ನೋಡಲು ಹೇಳುತ್ತಿದ್ದರೆ, ಇವರು ಒಂದೊಂದು ಡಬ್ಬಿಗೂ ಕಿವಿ ಕೊಟ್ಟು, "ಇದು ಗುರ್ ಅಂತೈತಿ, ಬ್ಯಾಡ," ಎಂದು ಬದಿಗಿಡುತ್ತಿದ್ದರು. ಒಳಗೆ ಎರಡು ಡಿಸ್ಕ್ ಇರಬೇಕು, ಒಂದು ಸತ್ತರೆ ಇನ್ನೊಂದು ಹಾಡಬೇಕು. ಕೊನೆಗೆ ಕೇಳಿದರು: "ಕರೆಂಟ್ ಹೋಗಿ ಬಂದ್ರ ತಾನ ಎದ್ದು, ನಿಂತಲ್ಲಿಂದ ಮತ್ತ ಹಾಡತೈತೇನು?" ಮಾಲೀಕ ನಕ್ಕು, ಹಾಡು ನಿಲ್ಲಿಸಿ ಪ್ಲಗ್ ಕಿತ್ತು ಮತ್ತೆ ಹಾಕಿದ. ಕಪ್ಪು ಡಬ್ಬಿಯೊಂದು ತಾನಾಗಿ ಎದ್ದು, ನಿಂತ ಸಾಲಿನಿಂದಲೇ ಹಾಡಿತು. ಅದನ್ನೇ ತಂದೆವು.

ಜಾಗ ಉಳಿಯಲಿ, ಹಾಡು ಮುಗಿದ ಮೇಲಿನ ಖಾಲಿ ಟೇಪನ್ನು ಕತ್ತರಿಸಿಬಿಡಿ ಎಂದೆ. ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ.

"ಖಾಲಿ ಹೆಂಗಾದೀತು? ನೀವು ಮೂರೂ ಮಂದಿ ಉಸುರು ಹಿಡಕೊಂಡು ಕುಂತೀರಿ ಅದರಾಗ!"



ಡಬ್ಬಿ ನಮ್ಮ ನಡುಮನೆಯ ಸ್ಪೀಕರಿಗೆ ಅಂಟಿಕೊಂಡು ಕುಳಿತಿತು. ಅವರು ಮೇಲೆ ಕೂತು ಒಂದೊಂದೇ ಕ್ಯಾಸೆಟ್ಟು ಇಳಿಸಿ, ತಮ್ಮ ಫೋನಿನಿಂದಲೇ ಡಬ್ಬಿಯನ್ನು ಹಾಡಿಸುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದು ಮಧ್ಯಾಹ್ನ ಒಬ್ಬಳೇ ಕೂತಿದ್ದರೆ, ಯಾರೂ ಮುಟ್ಟದ ಸ್ಪೀಕರಿನಿಂದ ಹಾಡು ಬರುತ್ತಿತ್ತು. ನಾನು ಬೆಚ್ಚಿಬೀಳುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಕೂಗು: "ನಾನವ್ವಾ ತಂಗಿ, ಹೆದರಬ್ಯಾಡ!" "ನಿಮ್ಮ ಚಾಷ್ಟಿಗಿಷ್ಟು ಬೆಂಕಿ ಹಾಕ!" ಎಂದು ನಾನು ಬೈದರೆ ಸುಯ್‌ಸುಯ್ ನಗುತ್ತಿದ್ದರು.

ಒಂದು ಸಂಜೆ ಇಳಿದು ಬಂದರು. ಮುಖ ಎಂದಿನಂತಿರಲಿಲ್ಲ.

"ಒಂದು ಕ್ಯಾಸೆಟ್ಟಿಗೆ ತಂತಿ ಕೈಕೊಡ್ತು. ನಿಮ್ಮಪ್ಪಾರ ಹಾದೀನ ಹಿಡದೆ. ಟೇಪಿನ ಮುಂದ ಮೈಕ್ ಇಟ್ಟು ಇಳಿಸೀನಿ. ಡಬ್ಬಿಗೆ ಹಚ್ಚಿ ಕಡೀ ಚರಣಕ್ಕ ನಿಲ್ಸೀನಿ, ನಾಳಿ ನಾಕಕ್ಕ ಕುಂತು ಕೇಳೂಣು. ನಾನಿಲ್ಲದ ಕೇಳಬ್ಯಾಡ ಮತ್ತ."

ಮರುದಿನ ಬೆಳಿಗ್ಗೆ ಉಬ್ಬಸ ಏರಿ ಆಸ್ಪತ್ರೆ ಸೇರಿದರು. ನಾಲ್ಕನೆಯ ದಿನ ಹೋಗಿಬಿಟ್ಟರು. ಅವರಕ್ಕ ಸಾಮಾನು ಕಟ್ಟಿಕೊಂಡು, ಅವರ ಫೋನನ್ನೂ ಒಯ್ದು, ಬೀಗದ ಕೈ ನನಗೊಪ್ಪಿಸಿ ಬೀದರಿಗೆ ನಡೆದರು. ನನಗೆ ಡಬ್ಬಿ ಮುಟ್ಟಲು ಧೈರ್ಯ ಬರಲಿಲ್ಲ. ಕೇಳಬ್ಯಾಡ ಅಂದಿದ್ದರು. ಕೇಳಿ, ಬರೀ ಹಾಡೇ ಇದ್ದರೆ? ಆ ಹೆದರಿಕೆಯೂ ಇತ್ತು.

ಹದಿನೈದು ದಿನವಾಗಿರಬೇಕು. ಮಧ್ಯಾಹ್ನ ಕರೆಂಟು ಹೋಯಿತು. ಅವರು ಆಸ್ಪತ್ರೆ ಸೇರಿದ ಮೇಲೆ ಅದೇ ಮೊದಲು. ನಾಲ್ಕರ ಸುಮಾರಿಗೆ ಬಂತು. ಫ್ಯಾನು ತಿರುಗಿತು, ಡಬ್ಬಿಯ ಹಸಿರು ದೀಪ ಹತ್ತಿತು, ಸ್ಪೀಕರಿನಿಂದ ಹಾಡೊಂದರ ಕೊನೆಯ ಚರಣ ಶುರುವಾಯಿತು.

ನಾನು ಸೂರು ನೋಡಿದೆ. "ನಾನವ್ವಾ ತಂಗಿ" ಎಂಬ ಕೂಗಿಗೆ ಕಾದೆ, ನಿಜವಾಗಿ ಕಾದೆ. ಮೇಲಿನ ಮನೆಯ ಬೀಗದ ಕೈ ಎದುರಿನ ಮೊಳೆಯಲ್ಲಿ ತೂಗುತ್ತಿತ್ತು.

ಹಾಡು ಮುಗಿಯಿತು. ಖಾಲಿ ಟೇಪಿನ ಸರಸರ. ಅದರ ಮೇಲೆ, ಬಲು ಹತ್ತಿರದಲ್ಲಿ, ಸುಯ್... ಸುಯ್... ಅವರೇ. ಮೈಕ್ ಮುಂದೆ ಕೂತಿದ್ದಾರೆ. ಆಮೇಲೆ ಆ ಸುಯ್‌ಸುಯ್ಯೂ ನಿಂತಿತು. ಸದ್ದಾಗದಿರಲೆಂದು ಅವರು ಉಸಿರು ಹಿಡಿದರು. ಎಷ್ಟೋ ಹೊತ್ತು ಏನೂ ಇಲ್ಲ. ಆವತ್ತು ಹಾಡು ಮುಗಿದ ಮೇಲೆ ಗುಂಡಿ ಎತ್ತುವುದನ್ನು ಅಪ್ಪ ಮರೆತಿದ್ದ.

"ಉಸುರು ಬಿಡ್ರೆವ್ವಾ ಇನ್ನ."

ಅಪ್ಪ. ಅದೇ ಒಡಕು ದನಿ, ಅದೇ ನಗೆ. ಅಯ್ಯೋ, ಇದನ್ನು ಮರೆತಿದ್ದೆನೇ ನಾನು!

ಅಪ್ಪ ಹೇಳಿದ್ದು ಕಲಬುರಗಿಯಲ್ಲಿ ಕೂತಿದ್ದ ನಮಗೆ ಮೂವರಿಗೆ. ಆ ಮಾತು ಕೇಳಿ ಮೇಲಿನ ಮನೆಯವರೂ ಹಿಡಿದಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟರು. ಕೆಳಗೆ ಕೂತಿದ್ದ ನಾನೂ ಬಿಟ್ಟೆ.